‘ಶಲ್’ ಎಂಬ ಋಣ: ಆದವಾನಿ ಸೀಮೆಯ ಕನ್ನಡ ಶಿಕ್ಷಣ ಮತ್ತು ಕಾನೂನಿನ ಇಂಗ್ಲಿಷ್

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳು ಅಂದೇ ಅಸ್ತಿತ್ವಕ್ಕೆ ಬಂದ ಆಂಧ್ರ ರಾಜ್ಯಕ್ಕೆ ಸೇರಿದವು. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಬಂದಿತು. ಈ ವಿಭಜನೆಗೆ ಆಧಾರವಾದ ಆಂಧ್ರ ರಾಜ್ಯ ಅಧಿನಿಯಮದ ಭಾಷೆ ಇಂಗ್ಲಿಷ್. ಗೊತ್ತುಪಡಿಸಿದ ದಿನದಿಂದ ಹೊಸ ರಾಜ್ಯವೊಂದು ರಚಿತವಾಗುವುದು, ಅದಕ್ಕೆ ಸೇರಿದ ಪ್ರದೇಶಗಳು ಮದರಾಸು ರಾಜ್ಯದ ಭಾಗವಾಗಿ ಉಳಿಯದಿರುವುದು ಎಂಬ ಎರಡು ಕ್ರಿಯೆಗಳನ್ನೂ ಅಲ್ಲಿ ನಡೆಸುವುದು ‘ಶಲ್’ ಎಂಬ ಸಹಾಯಕ ಕ್ರಿಯಾಪದ. ಮೂರು ವರ್ಷಗಳ ತರುವಾಯ, 1956ರಲ್ಲಿ, ಸಂವಿಧಾನದ ಏಳನೆಯ ತಿದ್ದುಪಡಿಯು 350ಎ ವಿಧಿಯನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸುವ ವಿಷಯವನ್ನು ಹೇಳುವ ಆ ವಿಧಿಯಲ್ಲಿಯೂ ಇರುವುದು ಇದೇ ‘ಶಲ್’.

ಮೊದಲನೆಯ ‘ಶಲ್’ ಒಂದೇ ರಾತ್ರಿಯಲ್ಲಿ ತನ್ನ ಕೆಲಸ ಮುಗಿಸಿತು. ಎರಡನೆಯದು ಇಂದಿಗೂ ಮುಗಿಸಿಲ್ಲ. ಒಂದೇ ಪದಕ್ಕೆ ಇಷ್ಟು ಭಿನ್ನವಾದ ಬಲ ಹೇಗೆ ಬಂದಿತು? ತೌಲನಿಕ ಸಾಹಿತ್ಯದ ವಿದ್ಯಾರ್ಥಿಯೊಬ್ಬ ಕಾನೂನು ಪಠ್ಯಗಳನ್ನು ಓದಹೊರಡುವುದು ಅನಧಿಕಾರ ಪ್ರವೇಶವೆಂದು ತೋರಬಹುದು. ಆದರೆ ಆದವಾನಿ ಸೀಮೆಯ ಕನ್ನಡಿಗರ ಶೈಕ್ಷಣಿಕ ಭವಿಷ್ಯವನ್ನು ನಿರ್ಧರಿಸಿದ ವಾಕ್ಯಗಳೆಲ್ಲ ಇಂಗ್ಲಿಷಿನಲ್ಲಿ ರಚಿತವಾದವು. ಅವುಗಳಲ್ಲಿನ ‘ಮಸ್ಟ್’, ‘ಶುಡ್’, ‘ಶಲ್’, ‘ಮೇ’ಗಳ ಚರಿತ್ರೆಯು ಆ ಜನರ ಚರಿತ್ರೆಯ ಒಂದು ಅಧ್ಯಾಯವೇ ಆಗಿದೆ. ಈ ಲೇಖನ ಅದನ್ನು ಅನುಸರಿಸುವ ಪ್ರಯತ್ನ.

1. ಮೂರು ಭಾಷೆಗಳ ವಿಧ್ಯರ್ಥ

ಇಂಗ್ಲಿಷಿನ ಈ ಕ್ರಿಯಾಪದಗಳು ಕ್ರಿಯೆಯನ್ನು ಹೇಳುವುದಿಲ್ಲ. ಕ್ರಿಯೆಯ ಬಗೆಗೆ ಹೇಳುವವನ ನಿಲುವನ್ನು ಹೇಳುತ್ತವೆ. ಆ ನಿಲುವು ಸಾಧ್ಯತೆಯನ್ನೋ, ಅನುಮತಿಯನ್ನೋ, ಬಾಧ್ಯತೆಯನ್ನೋ ಸೂಚಿಸುತ್ತದೆ. ಇವುಗಳ ವ್ಯುತ್ಪತ್ತಿ ಕುತೂಹಲಕರವಾಗಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಶಲ್’ಗೆ ಮೂಲವಾದ ಧಾತುವಿನ ಅರ್ಥ ಸಾಲ ಹೊಂದಿರುವುದು, ಋಣಿಯಾಗಿರುವುದು, ಜರ್ಮನ್ ಭಾಷೆಯಲ್ಲಿ ಸಾಲ ಮತ್ತು ಅಪರಾಧ ಎರಡನ್ನೂ ಸೂಚಿಸುವ ‘ಶುಲ್ಟ್’ ಎಂಬ ಪದ ಇದರ ಜ್ಞಾತಿ. ‘ಮೇ’ಯ ಮೂಲಾರ್ಥ ಶಕ್ತವಾಗಿರುವುದು. ಇಂದು ಕಟ್ಟುನಿಟ್ಟಿನ ಬಾಧ್ಯತೆಯನ್ನು ಹೇಳುವ ‘ಮಸ್ಟ್’ ಹುಟ್ಟಿದ್ದು ಅನುಮತಿಯನ್ನು ಹೇಳುತ್ತಿದ್ದ ಧಾತುವಿನ ಭೂತರೂಪದಿಂದ. 1653ರಲ್ಲಿ ಲ್ಯಾಟಿನ್ನಿನಲ್ಲಿ ಇಂಗ್ಲಿಷ್ ವ್ಯಾಕರಣ ಬರೆದ ಜಾನ್ ವಾಲಿಸ್, ‘ಶಲ್’ ಉತ್ತಮಪುರುಷದಲ್ಲಿ ಕೇವಲ ಭವಿಷ್ಯವನ್ನೂ, ಮಧ್ಯಮ ಮತ್ತು ಪ್ರಥಮಪುರುಷಗಳಲ್ಲಿ ಹೇಳುವವನ ವಾಗ್ದಾನ ಅಥವಾ ಬೆದರಿಕೆಯನ್ನೂ ಸೂಚಿಸುತ್ತದೆಂದು ವಿಂಗಡಿಸಿದನು. ಆಡುವವನ ಇಚ್ಛೆ ಇನ್ನೊಬ್ಬರ ಮೇಲೆ ಬೀಳುವ ಈ ಬಳಕೆಯೇ ಶಾಸನಭಾಷೆಗೆ ಒಗ್ಗಿಬಂದದ್ದು.

ಕನ್ನಡದಲ್ಲಿ ಈ ಕೆಲಸವನ್ನು ಹಂಚಿಕೊಳ್ಳುವವು ‘ಬಹುದು’, ‘ಬೇಕು’, ‘ಬಾರದು’, ‘ಕೂಡದು’, ‘ತಕ್ಕದ್ದು’. ‘ಬಹುದು’ ಎಂಬುದರ ಹಿಂದೆ ‘ಬರು’ ಧಾತುವಿದೆ. ತೆಲುಗಿನಲ್ಲಿ ಅದೇ ಅರ್ಥದ ‘ವಚ್ಚು’ವಿನ ಹಿಂದೆಯೂ ಬರುವ ಅರ್ಥದ ಧಾತುವೇ ಇದೆ. ‘ಕೂಡದು’ ಎರಡೂ ಭಾಷೆಗಳ ಸಮಾನ ಸ್ವತ್ತು. ಆದವಾನಿಯ ಪೇಟೆಯಲ್ಲಿ ಅನುಮತಿಯನ್ನೂ ನಿಷೇಧವನ್ನೂ ಕನ್ನಡದಿಂದ ತೆಲುಗಿಗೆ ಒಯ್ಯುವವನಿಗೆ ಪ್ರಯಾಸವಿಲ್ಲ. ಎರಡು ಭಾಷೆಗಳೂ ಒಂದೇ ಲೋಕಗ್ರಹಿಕೆಯಿಂದ ಅವುಗಳನ್ನು ಕಟ್ಟಿವೆ.

ತೊಡಕು ಬರುವುದು ‘ಶಲ್’ನ ಬಳಿ. ಕನ್ನಡದ ಕಾನೂನುಭಾಷೆ ಇದಕ್ಕೆ ‘ತಕ್ಕದ್ದು’ ಎನ್ನುತ್ತದೆ. ಅದರ ಮೂಲ ‘ತಗು’, ಯೋಗ್ಯವಾಗಿರು. ತೆಲುಗಿನ ಕಾನೂನುಭಾಷೆ ‘ವಲೆನು’ ಎನ್ನುತ್ತದೆ; ಅದು ನಮ್ಮ ‘ಬೇಕು’ವಿನಂತೆ ಅಗತ್ಯವನ್ನೂ ಬಯಕೆಯನ್ನೂ ಸೂಚಿಸುವ ಪದ. ಹೀಗೆ ಇಂಗ್ಲಿಷಿನ ಋಣವು ಕನ್ನಡದಲ್ಲಿ ಔಚಿತ್ಯವಾಗಿಯೂ ತೆಲುಗಿನಲ್ಲಿ ಅಗತ್ಯವಾಗಿಯೂ ರೂಪಾಂತರ ಹೊಂದುತ್ತದೆ. ವ್ಯುತ್ಪತ್ತಿಯು ಇಂದಿನ ಅರ್ಥವನ್ನು ನಿಯಂತ್ರಿಸದು, ನಿಜ. ಆದರೆ ಸಾಲವೆಂದಾಗ ಸಾಲಗಾರನಿರುತ್ತಾನೆ, ಸಾಲಿಗನಿರುತ್ತಾನೆ, ಮೊತ್ತವಿರುತ್ತದೆ, ಗಡುವಿರುತ್ತದೆ. ಔಚಿತ್ಯಕ್ಕೆ ಇವು ಯಾವುವೂ ಬೇಕಿಲ್ಲ. ಮುಂದಿನ ವಿವೇಚನೆಗೆ ಈ ವ್ಯತ್ಯಾಸ ಒಂದು ಅಳತೆಗೋಲಾಗಿ ಒದಗುತ್ತದೆ.

2. ಗಡಿಗೆ ಮುನ್ನ

ತುಂಗಭದ್ರೆಯ ದಕ್ಷಿಣಕ್ಕೂ ವೇದಾವತಿಯ ಆಸುಪಾಸಿಗೂ ಹಬ್ಬಿದ ಇಂದಿನ ಪಶ್ಚಿಮ ಕರ್ನೂಲು ಸೀಮೆಯ ಊರ ಹೆಸರುಗಳಲ್ಲಿಯೇ ಎರಡು ಭಾಷೆಗಳ ಸಹವಾಸ ಕಾಣುತ್ತದೆ. ಹೊಳಗುಂದ, ಹಾಲಹರವಿ ಎಂಬ ಹೆಸರುಗಳ ‘ಹ’ಕಾರ ಕನ್ನಡದ್ದು. ಪೆದ್ದ ತುಂಬಳದ ವಿಶೇಷಣ ತೆಲುಗಿನದು. ದಾಸ ಸಾಹಿತ್ಯದ ವಿಜಯದಾಸರು 1755ರಲ್ಲಿ ಕೊನೆಯುಸಿರೆಳೆದ ಚಿಪ್ಪಗಿರಿ ಆಲೂರು ಸೀಮೆಯಲ್ಲಿದೆ. ರಾಘವೇಂದ್ರ ಸ್ವಾಮಿಗಳ ಮಂತ್ರಾಲಯ ಆದವಾನಿಯ ಉತ್ತರಕ್ಕಿದೆ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಲ್ಲಿ ಈ ಸೀಮೆಯೂ ಒಂದಾಗಿತ್ತು. 1808ರಲ್ಲಿ ಅವು ಬಳ್ಳಾರಿ ಮತ್ತು ಕಡಪ ಎಂಬ ಎರಡು ಜಿಲ್ಲೆಗಳಾದಾಗ ಆದವಾನಿ ಬಳ್ಳಾರಿಯ ಪಾಲಿಗೆ ಬಂದಿತು.

ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ಸಮೀಕ್ಷೆಗೆ ಆಜ್ಞಾಪಿಸಿದಾಗ ಬಳ್ಳಾರಿಯ ಕಲೆಕ್ಟರನಾಗಿದ್ದವನು ಎ. ಡಿ. ಕ್ಯಾಂಪ್‌ಬೆಲ್. 1823ರ ಆಗಸ್ಟ್ ತಿಂಗಳ ಅವನ ವರದಿಯ ಪ್ರಕಾರ ಜಿಲ್ಲೆಯಲ್ಲಿದ್ದ ಶಾಲೆಗಳು 533, ವಿದ್ಯಾರ್ಥಿಗಳು 6,641. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1. ಇವಲ್ಲದೆ ಬ್ರಾಹ್ಮಣರಿಗೆ ಮೀಸಲಾದ 23 ಪಾಠಶಾಲೆಗಳಿದ್ದವು. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರ ಪ್ರದೇಶವೂ ಸೇರಿತ್ತು. ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಅಷ್ಟು ವಿಶಾಲವಾದ ತೆಲುಗು ಸೀಮೆಯನ್ನು ಒಳಗೊಂಡೂ ಕನ್ನಡ ಶಾಲೆಗಳು ತುಸು ಹೆಚ್ಚಾಗಿದ್ದವು. ಕ್ಯಾಂಪ್‌ಬೆಲ್ 1816ರಲ್ಲಿ ತೆಲುಗು ವ್ಯಾಕರಣ ಪ್ರಕಟಿಸಿದವನು; ಕನ್ನಡದ ಪಕ್ಷಪಾತಿಯೆಂದು ಅವನನ್ನು ಯಾರೂ ಶಂಕಿಸಲಾರರು. ಈ ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂಬುದನ್ನು ಅವನು ಲಜ್ಜೆಯೊಡನೆ ದಾಖಲಿಸಿದ್ದಾನೆ. ಸರಕಾರದ ಯಾವ ‘ಶಲ್’ ಇಲ್ಲದೆಯೂ ಊರವರ ನೆರವಿನಿಂದ ನಡೆಯುತ್ತಿದ್ದ ಕನ್ನಡ ಮಠಗಳಿಗೆ 20ನೆಯ ಶತಮಾನದಲ್ಲಿ ಸಂವಿಧಾನದ ರಕ್ಷಣೆ ಅಗತ್ಯವಾದದ್ದೇಕೆ ಎಂಬ ಪ್ರಶ್ನೆಗೆ ಇಲ್ಲಿಯೇ ಅರ್ಧ ಉತ್ತರವಿದೆ. ಶಿಕ್ಷಣ ರಾಜ್ಯದ ಹೊಣೆಯಾದ ಮೇಲೆ ರಾಜ್ಯದ ಭಾಷೆ ಯಾವುದೆಂಬುದು ಮಗುವಿನ ಹಣೆಬರಹವಾಗುತ್ತದೆ.

ಗಡಿಯ ವಿವಾದ ಹಳೆಯದು. 1921ರಲ್ಲಿಯೇ ಕಾಂಗ್ರೆಸ್ ತನ್ನ ಪ್ರಾಂತ ಸಮಿತಿಗಳ ನಡುವೆ ಬಳ್ಳಾರಿಯನ್ನು ಹಂಚಲು ಎನ್. ಸಿ. ಕೇಳ್ಕರರ ತೀರ್ಪಿನ ಮೊರೆಹೊಕ್ಕಿತ್ತು. 1953ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ವಾಂಚೂ ಅವರ ವರದಿ, ಮೇ ತಿಂಗಳಲ್ಲಿ ಬಳ್ಳಾರಿ ತಾಲ್ಲೂಕಿನ ಬಗ್ಗೆ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವರದಿ ಬಂದವು. ಬಳ್ಳಾರಿ ತಾಲ್ಲೂಕು ಕನ್ನಡ ನಾಡಿಗೆ ಉಳಿಯಿತು. ಆದವಾನಿ ಮತ್ತು ಆಲೂರು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು. ತಾಲ್ಲೂಕನ್ನು ಘಟಕವಾಗಿ ಹಿಡಿದ ಯಾವ ವಿಭಜನೆಯೂ ಹಳ್ಳಿಯ ಭಾಷೆಯನ್ನು ಕಾಣಲಾರದು. ಬಹುಮತದ ರೇಖೆ ಎಲ್ಲಿ ಬಿದ್ದರೂ ಅದರ ಎರಡೂ ಬದಿಗೆ ಅಲ್ಪಸಂಖ್ಯಾತರು ಉಳಿಯುತ್ತಾರೆ. ಇದು ಆದವಾನಿಯ ಕನ್ನಡಿಗರಿಗೆ ಎಷ್ಟು ನಿಜವೋ ಬಳ್ಳಾರಿಯ ತೆಲುಗರಿಗೂ ಅಷ್ಟೇ ನಿಜ.

3. ‘ಮಸ್ಟ್’ನಿಂದ ‘ಶಲ್’ಗೆ

ಭಾಷಾ ಅಲ್ಪಸಂಖ್ಯಾತರ ಮಕ್ಕಳ ವಿಷಯದಲ್ಲಿ ಸ್ವತಂತ್ರ ಭಾರತದ ಮೊದಲ ಸ್ಪಷ್ಟ ಮಾತು 1949ರ ಆಗಸ್ಟ್ ತಿಂಗಳ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನದ ನಿರ್ಣಯ. ಕಿರಿಯ ಮೂಲಶಿಕ್ಷಣದ ಹಂತದಲ್ಲಿ ಬೋಧನೆಯೂ ಪರೀಕ್ಷೆಯೂ ಮಗುವಿನ ಮಾತೃಭಾಷೆಯಲ್ಲಿರಬೇಕು. ಅದು ಪ್ರದೇಶದ ಭಾಷೆಗಿಂತ ಬೇರೆಯಾಗಿದ್ದಲ್ಲಿ, ಆ ಭಾಷೆಯಾಡುವ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಂದಿಗೆ ಕಡಿಮೆಯಿಲ್ಲದಿದ್ದರೆ, ಕನಿಷ್ಠ ಒಬ್ಬ ಶಿಕ್ಷಕರನ್ನು ನೇಮಿಸಬೇಕು ಎಂದು ಅದು ಹೇಳಿತು. ಇಲ್ಲಿನ ಕ್ರಿಯಾಪದ ‘ಮಸ್ಟ್’. ಅದರೊಡನೆ ಮೊತ್ತವಿದೆ, ಕರ್ತೃವಿದ್ದಾನೆ, ಫಲಾನುಭವಿಯಿದ್ದಾನೆ. ಹಿಂದೆ ಹೇಳಿದ ಅಳತೆಗೋಲಿನಿಂದ ನೋಡಿದರೆ ಇದು ಪೂರ್ಣ ಋಣ. ಆದರೆ ಇದು ನಿರ್ಣಯ ಮಾತ್ರ, ಕಾನೂನಲ್ಲ.

1955ರ ಸೆಪ್ಟೆಂಬರಿನಲ್ಲಿ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ವರದಿ ಸಲ್ಲಿಸಿತು. ಸಾಕಷ್ಟು ಸಂಖ್ಯೆಯ ಮಕ್ಕಳಿದ್ದಲ್ಲಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಪಡೆಯುವ ಅಲ್ಪಸಂಖ್ಯಾತರ ಹಕ್ಕಿಗೆ ಸಂವಿಧಾನದ ಮನ್ನಣೆ ದೊರೆಯಬೇಕೆಂದು ಆಯೋಗ ಶಿಫಾರಸು ಮಾಡಿತು. ಆಯೋಗದ ವ್ಯಾಕರಣ ಸಹಜವಾಗಿಯೇ ‘ಶುಡ್’: ಸಲಹೆ ನೀಡುವವನ ಕ್ರಿಯಾಪದ. ಆದರೆ ಅದರ ವಿಷಯ ‘ಹಕ್ಕು’ ಎಂಬುದನ್ನು ಗಮನಿಸಬೇಕು.

1956ರ ಏಳನೆಯ ತಿದ್ದುಪಡಿಯಲ್ಲಿ ಈ ಶಿಫಾರಸು ಸಂವಿಧಾನವನ್ನು ಪ್ರವೇಶಿಸುವಾಗ ಎರಡು ಬದಲಾವಣೆಗಳಾದವು. ಮೊದಲನೆಯದು, ‘ಹಕ್ಕು’ ಎಂಬ ನಾಮಪದ ಕಾಣೆಯಾಗಿ ‘ಪ್ರಯತ್ನ’ ಎಂಬ ನಾಮಪದ ಬಂದಿತು. ಸೌಲಭ್ಯ ಒದಗಿಸುವುದು ಪ್ರತಿ ರಾಜ್ಯದ ಮತ್ತು ಸ್ಥಳೀಯ ಪ್ರಾಧಿಕಾರದ ಪ್ರಯತ್ನವಾಗಿರತಕ್ಕದ್ದು ಎಂಬುದು 350ಎ ವಿಧಿಯ ಪೂರ್ವಾರ್ಧದ ತಾತ್ಪರ್ಯ. ಇಲ್ಲಿ ‘ಶಲ್’ ಬಾಧ್ಯಗೊಳಿಸುವುದು ಒದಗಿಸುವಿಕೆಯನ್ನಲ್ಲ, ಪ್ರಯತ್ನಿಸುವಿಕೆಯನ್ನು. ಎರಡನೆಯದು, 40 ಮತ್ತು 10 ಎಂಬ ಅಂಕಿಗಳು ವಿಧಿಯೊಳಗೆ ಬರಲಿಲ್ಲ. 1949ರ ಸೂತ್ರವನ್ನು ಪುನರುಚ್ಚರಿಸಿದ 1956ರ ಸೆಪ್ಟೆಂಬರಿನ ಕೇಂದ್ರ ಸರಕಾರದ ಮನವಿಪತ್ರದಲ್ಲಿ ಅವು ಉಳಿದುಕೊಂಡವು. ಪರಿಣಾಮವಾಗಿ, ಬಲವಾದ ಕ್ರಿಯಾಪದವೂ ಮೊತ್ತವೂ ಆಡಳಿತದ ಕಾಗದದಲ್ಲಿ, ದುರ್ಬಲಗೊಂಡ ಕ್ರಿಯಾಪದ ಸಂವಿಧಾನದಲ್ಲಿ ಎಂಬ ವಿಚಿತ್ರ ವಿಭಜನೆ ಉಂಟಾಯಿತು. ಬಳ್ಳಾರಿ ಜಿಲ್ಲೆಯ ವಿಭಜನೆಯಷ್ಟೇ ಇದೂ ಆದವಾನಿಯ ಮಕ್ಕಳ ಪಾಲಿಗೆ ಪರಿಣಾಮಕಾರಿಯಾಗಿತ್ತು.

ಮೀಮಾಂಸಕರು ವೇದವಾಕ್ಯಗಳನ್ನು ವಿಧಿ ಮತ್ತು ಅರ್ಥವಾದಗಳೆಂದು ವಿಂಗಡಿಸುತ್ತಾರೆ. ವಿಧಿ ಪ್ರವೃತ್ತಿಗೆ ಹಚ್ಚುತ್ತದೆ; ಅರ್ಥವಾದ ವಿಧಿಯನ್ನು ಹೊಗಳಿ ಅದಕ್ಕೆ ಬೆಂಬಲವಾಗುತ್ತದೆ. 350ಎ ವಿಧಿಯ ಪೂರ್ವಾರ್ಧ ರೂಪದಲ್ಲಿ ವಿಧಿ, ಫಲದಲ್ಲಿ ಅರ್ಥವಾದ. ಇದಕ್ಕೆ ಹೋಲಿಸಿದರೆ ಪಕ್ಕದ 350ಬಿ ವಿಧಿ ಶುದ್ಧ ವಿಧಿ. ವಿಶೇಷಾಧಿಕಾರಿಯೊಬ್ಬರು ಇರತಕ್ಕದ್ದು, ಅವರು ತನಿಖೆ ಮಾಡಿ ವರದಿ ಸಲ್ಲಿಸತಕ್ಕದ್ದು, ವರದಿಗಳನ್ನು ಸಂಸತ್ತಿನ ಮುಂದಿಡತಕ್ಕದ್ದು. ಈ ‘ಶಲ್’ಗಳೆಲ್ಲ ಪಾಲನೆಯಾಗಿವೆ. 1957ರಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ ಆರಂಭವಾಯಿತು, ವರದಿಗಳು ಬಂದವು. ವರದಿ ಮಾಡುವುದು ಬಾಧ್ಯತೆಯಾಯಿತು. ವರದಿಯಾದದ್ದನ್ನು ಸರಿಪಡಿಸುವುದು ಪ್ರಯತ್ನವಾಗಿ ಉಳಿಯಿತು.

4. ‘ಮೇ’ ಮತ್ತು ನ್ಯಾಯಾಲಯ

350ಎ ವಿಧಿಯ ಉತ್ತರಾರ್ಧದಲ್ಲಿ ‘ಮೇ’ ಬರುತ್ತದೆ: ಇಂತಹ ಸೌಲಭ್ಯಕ್ಕಾಗಿ ರಾಷ್ಟ್ರಪತಿಗಳು ಯಾವುದೇ ರಾಜ್ಯಕ್ಕೆ ತಾವು ಅವಶ್ಯವೆಂದು ಭಾವಿಸುವ ನಿರ್ದೇಶನಗಳನ್ನು ನೀಡಬಹುದು. ಈ ‘ಬಹುದು’ ಕೇವಲ ಅಧಿಕಾರವೋ, ಅಧಿಕಾರದ ಬೆನ್ನಿಗೆ ಕರ್ತವ್ಯವೂ ಇದೆಯೋ? 1880ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಜೂಲಿಯಸ್ ಮತ್ತು ಆಕ್ಸ್‌ಫರ್ಡಿನ ಬಿಷಪ್ ನಡುವಿನ ಪ್ರಕರಣದಲ್ಲಿ ಇಂಥದೇ ಪ್ರಶ್ನೆಯನ್ನು ವಿವೇಚಿಸಿತು. ಅಧಿಕಾರ ಕೊಡುವ ಮಾತುಗಳು ತಮ್ಮಷ್ಟಕ್ಕೆ ಅಧಿಕಾರವನ್ನಷ್ಟೇ ಕೊಡುತ್ತವೆ. ಆದರೆ ಅದನ್ನು ಯಾರ ಹಿತಕ್ಕಾಗಿ, ಯಾವ ಉದ್ದೇಶಕ್ಕಾಗಿ ಕೊಡಲಾಗಿದೆಯೋ ಅದರಿಂದ ಅದನ್ನು ಚಲಾಯಿಸುವ ಕರ್ತವ್ಯವೂ ಹುಟ್ಟಬಹುದು ಎಂಬುದು ಆ ತೀರ್ಪಿನ ಸಾರ. ಇದಕ್ಕೆ ವಿಲೋಮವಾದ ನಿದರ್ಶನ ನಮ್ಮಲ್ಲಿಯೇ ಇದೆ. ಲೋಕಸೇವಾ ಆಯೋಗವನ್ನು ಸಮಾಲೋಚಿಸತಕ್ಕದ್ದು ಎನ್ನುವ ಸಂವಿಧಾನದ 320ನೆಯ ವಿಧಿಯ ‘ಶಲ್’ ಕಡ್ಡಾಯವಲ್ಲವೆಂದು 1957ರಲ್ಲಿ ಸರ್ವೋಚ್ಚ ನ್ಯಾಯಾಲಯ ಮನ್‌ಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ತೀರ್ಮಾನಿಸಿತು.

ಅಂದರೆ ‘ಮೇ’ ಕೆಲವೊಮ್ಮೆ ಬೇಕಾಗುತ್ತದೆ, ‘ಶಲ್’ ಕೆಲವೊಮ್ಮೆ ಬಹುದಾಗುತ್ತದೆ. ಈ ಅನಿಶ್ಚಯದಿಂದ ಬೇಸತ್ತು 1996ರ ದಕ್ಷಿಣ ಆಫ್ರಿಕಾದ ಸಂವಿಧಾನ ‘ಶಲ್’ ಬದಲು ‘ಮಸ್ಟ್’ ಅನ್ನು ಆರಿಸಿಕೊಂಡಿತು. ಆದರೆ ಅಲ್ಲಿಯೂ ಆಯ್ಕೆಯ ಭಾಷೆಯಲ್ಲಿ ಶಿಕ್ಷಣ ಪಡೆಯುವ ಹಕ್ಕಿಗೆ ಕಾರ್ಯಸಾಧ್ಯತೆಯ ಷರತ್ತು ಅಂಟಿಕೊಂಡಿದೆ. ರಾಜ್ಯವು ಕಡ್ಡಾಯವಾಗಿ ಮಾಡಬೇಕಾದದ್ದು ಪರ್ಯಾಯಗಳನ್ನು ಪರಿಶೀಲಿಸುವುದು. ಸಹಾಯಕ ಕ್ರಿಯಾಪದವನ್ನು ಬದಲಿಸಿದರೆ ಸಾಲದು, ಅದು ಆಳುವ ಮುಖ್ಯ ಕ್ರಿಯಾಪದ ಯಾವುದು ಎಂಬುದೇ ನಿರ್ಣಾಯಕ ಎಂಬ ಪಾಠ ಇದರಿಂದ ದೊರೆಯುತ್ತದೆ.

ಈ ಪಾಠಕ್ಕೆ ನಮ್ಮ ಸಂವಿಧಾನದೊಳಗೇ ಸಾಕ್ಷಿಯಿದೆ. 1950ರ 45ನೆಯ ವಿಧಿ 14 ವರ್ಷದವರೆಗಿನ ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣವನ್ನು 10 ವರ್ಷಗಳೊಳಗೆ ಒದಗಿಸಲು ರಾಜ್ಯ ಪ್ರಯತ್ನಿಸತಕ್ಕದ್ದು ಎಂದಿತ್ತು. 2002ರ 86ನೆಯ ತಿದ್ದುಪಡಿ 21ಎ ವಿಧಿಯನ್ನು ತಂದು, 6ರಿಂದ 14 ವರ್ಷದ ಮಕ್ಕಳಿಗೆ ರಾಜ್ಯವು ಶಿಕ್ಷಣ ಒದಗಿಸತಕ್ಕದ್ದು ಎಂದಿತು. ‘ಶಲ್’ ಎರಡರಲ್ಲಿಯೂ ಒಂದೇ. ನಡುವಿನಿಂದ ‘ಪ್ರಯತ್ನ’ ಹೊರಬೀಳಲು 52 ವರ್ಷಗಳು ಹಿಡಿದವು. ಶಿಕ್ಷಣಕ್ಕೆ ದೊರೆತ ಈ ಭಾಗ್ಯ ಶಿಕ್ಷಣದ ಭಾಷೆಗೆ ಇನ್ನೂ ದೊರೆತಿಲ್ಲ. 2009ರ ಶಿಕ್ಷಣ ಹಕ್ಕು ಅಧಿನಿಯಮದ 29ನೆಯ ಪ್ರಕರಣ ಬೋಧನಾ ಮಾಧ್ಯಮವು ಕಾರ್ಯಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಾಗಿರತಕ್ಕದ್ದು ಎನ್ನುತ್ತದೆ. 2014ರ ಮೇ ತಿಂಗಳಲ್ಲಿ ಕರ್ನಾಟಕದ ಮಾಧ್ಯಮ ನೀತಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಮಾತೃಭಾಷಾ ಮಾಧ್ಯಮವನ್ನು ಹೇರುವ ಅಧಿಕಾರ ರಾಜ್ಯಕ್ಕೆ ಇಲ್ಲವೆಂದೂ 350ಎ ವಿಧಿ ಅಂತಹ ಅಧಿಕಾರವನ್ನು ಕೊಡುವುದಿಲ್ಲವೆಂದೂ ಹೇಳಿತು.

ಆದರೂ ದುರ್ಬಲವಾದ ವಿಧಿ ನಿರುಪಯೋಗಿಯೆಂದು ತೀರ್ಮಾನಿಸುವುದು ಅವಸರವಾದೀತು. 2019ರ ನವೆಂಬರಿನಲ್ಲಿ ಆಂಧ್ರಪ್ರದೇಶ ಸರಕಾರ ಸರಕಾರಿ ಶಾಲೆಗಳ ಆರಂಭಿಕ ತರಗತಿಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಪರಿವರ್ತಿಸುವ ಆದೇಶ ಹೊರಡಿಸಿತು. 2020ರ ಏಪ್ರಿಲ್ 15ರಂದು ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿದಾಗ ಅದು ಅವಲಂಬಿಸಿದ ಆಧಾರಗಳಲ್ಲಿ ಆ 29ನೆಯ ಪ್ರಕರಣವೂ ಒಂದಾಗಿತ್ತು. ಷರತ್ತಿಗೊಳಗಾದ ‘ಶಲ್’ ಶಾಲೆಯನ್ನು ತೆರೆಯಲಾರದು. ಆದರೆ ಇರುವುದನ್ನು ಮುಚ್ಚುವ ಕೈಯನ್ನು ಕೆಲವೊಮ್ಮೆ ಹಿಡಿಯಬಲ್ಲದು.

5. ಅರ್ಜಿಯ ವ್ಯಾಕರಣ

ಶಾಸನದ ಇಂಗ್ಲಿಷನ್ನು ಇಲ್ಲಿಯವರೆಗೆ ನೋಡಿದೆವು. ಶಾಸನಕ್ಕೆ ಜನರು ಉತ್ತರಿಸುವ ಪ್ರಕಾರವೆಂದರೆ ಅರ್ಜಿ. ಗಡಿಯ ಹಳ್ಳಿಯೊಂದರ ಪೋಷಕರು ಕನ್ನಡ ಶಿಕ್ಷಕರಿಗಾಗಿ ಮನವಿ ಬರೆಯುವಾಗ ‘ನೇಮಿಸಿಕೊಡಬೇಕಾಗಿ ವಿನಂತಿ’ ಎನ್ನುತ್ತಾರೆ. ಕನ್ನಡದ ಅತ್ಯಂತ ವಿನೀತ ಅರ್ಜಿಯಲ್ಲಿಯೂ ‘ಬೇಕು’ ಇರುತ್ತದೆ. ಹಳಗನ್ನಡದ ‘ಬೇೞ್ಕುಂ’ನಿಂದ ಬಂದ ಈ ಪದದಲ್ಲಿ ಬಯಕೆ, ಅಗತ್ಯ, ಬಾಧ್ಯತೆ ಮೂರೂ ಬೇರ್ಪಡದೆ ಉಳಿದಿವೆ: ನಮಗೆ ಬೇಕು, ಆದುದರಿಂದ ನೀವು ಕೊಡಬೇಕು. ಬೇಡುವ ದನಿಯಲ್ಲಿಯೇ ನ್ಯಾಯದ ದನಿಯೂ ಸೇರಿಕೊಂಡಿರುತ್ತದೆ. ಅದೇ ಅರ್ಜಿ ಕಚೇರಿಯ ಇಂಗ್ಲಿಷಿಗೆ ಬಂದಾಗ, ಅಧಿಕಾರಿಗಳು ದಯವಿಟ್ಟು ನೇಮಿಸಲು ಪ್ರಸನ್ನರಾಗಬಹುದು ಎಂಬರ್ಥದ ‘ಮೇ’ ಆಗುತ್ತದೆ. ಬೇಕು ಬಹುದಾಗುತ್ತದೆ, ಸಲ್ಲಬೇಕಾದುದು ಅನುಗ್ರಹವಾಗುತ್ತದೆ.

ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನೂ ತನ್ನ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಹಕ್ಕುಳ್ಳವನು ಎನ್ನುತ್ತದೆ. ಇಲ್ಲಿನ ‘ಶಲ್’ಗೆ ಪ್ರಯತ್ನದ ತೊಡಕಿಲ್ಲ. ಆದವಾನಿಯ ಕನ್ನಡಿಗರು ಈ ವಿಧಿಯನ್ನು ಅಕ್ಷರಶಃ ಬಳಸಿ ಕನ್ನಡದಲ್ಲಿಯೇ ಬರೆಯುವುದು, ‘ಬೇಕು’ವನ್ನು ಬೇಕಾಗಿಯೇ ಕಚೇರಿಯ ಮುಂದಿಡುವುದು ಭಾವಾವೇಶದ ಮಾತಲ್ಲ, ವ್ಯಾಕರಣದ ಆವಶ್ಯಕತೆ.

ಪಶ್ಚಿಮ ಕರ್ನೂಲಿನಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಿವೆ. ಅವುಗಳ ಉಳಿವಿನ ಚರ್ಚೆ ಸಾಮಾನ್ಯವಾಗಿ ಅಭಿಮಾನದ ಅಥವಾ ಅನುಕಂಪದ ಭಾಷೆಯಲ್ಲಿ ನಡೆಯುತ್ತದೆ. ಮೇಲಿನ ಚರಿತ್ರೆ ಬೇರೊಂದು ಭಾಷೆಯನ್ನು ಸೂಚಿಸುತ್ತದೆ. 1949ರ ನಿರ್ಣಯದಲ್ಲಿ ಮೊತ್ತವಿತ್ತು, 1955ರ ಶಿಫಾರಸಿನಲ್ಲಿ ಹಕ್ಕು ಇತ್ತು, 1956ರ ವಿಧಿಯಲ್ಲಿ ಸಂವಿಧಾನದ ಅಧಿಕಾರವಿದೆ. ಮೂರೂ ಒಂದೇ ವಾಕ್ಯದಲ್ಲಿ ಎಂದೂ ಕೂಡಿಬಂದಿಲ್ಲ. ಅವುಗಳನ್ನು ಕೂಡಿಸಲು ಹೊಸ ಸಹಾಯಕ ಕ್ರಿಯಾಪದ ಬೇಕಿಲ್ಲ. 45ನೆಯ ವಿಧಿಯಿಂದ 21ಎ ವಿಧಿಗೆ ಬರುವಾಗ ಮಾಡಿದಂತೆ, ‘ಶಲ್’ ಮತ್ತು ‘ಒದಗಿಸು’ಗಳ ನಡುವಿನ ‘ಪ್ರಯತ್ನ’ವನ್ನು ತೆಗೆಯುವುದು ಮತ್ತು 40, 10 ಎಂಬ ಹಳೆಯ ಅಂಕಿಗಳನ್ನು ಮನವಿಪತ್ರದಿಂದ ಕಾನೂನಿಗೆ ತರುವುದು ಸಾಕು. ಸಾಲವೆಂಬ ಮೂಲಾರ್ಥ ‘ಶಲ್’ನಲ್ಲಿ ಮಾಸಿದ್ದರೂ, 1953ರಲ್ಲಿ ಗಡಿ ಎಳೆದ ರಾಜ್ಯಾಂಗಕ್ಕೆ ಆ ಗಡಿಯ ಆಚೆ ಉಳಿದ ಮಕ್ಕಳ ಋಣ ಇನ್ನೂ ತೀರಿಲ್ಲ.